ಮರಕ್ಕೂ ಸಾಯುವಷ್ಟು ಕಾಲ ಬೇಕು

ಬೆಂಗಳೂರಿನ ಅಂಚಿನ ಕೇತೋಹಳ್ಳಿಯ ದೊಡ್ಡ ಆಲದ ಮರ ಬದುಕಿದೆಯೇ, ಸತ್ತಿದೆಯೇ? ಸುಮಾರು 400 ವರ್ಷ ಹಳೆಯದೆನ್ನಲಾದ ಆ ಮರದ ತಾಯಿಕಾಂಡ 2000ದ ಹೊತ್ತಿಗೆ ರೋಗದಿಂದ ಅಳಿದುಹೋಯಿತು. ಬಿಳಲುಗಳೇ ಕಾಂಡಗಳಾಗಿ ಸುಮಾರು ಮೂರು ಎಕರೆ ನೆಲವನ್ನು ಆವರಿಸಿದವು. 2023ರ ಮೇ ತಿಂಗಳ ಮಳೆಗೆ ಅದರ ಒಂದು ಭಾಗ ಉರುಳಿತು, ಉಳಿದದ್ದು ನಿಂತಿತು. ಮನುಷ್ಯನ ಸಾವಿಗೆ ಗಳಿಗೆಯುಂಟು, ತಿಥಿಯುಂಟು. ಮರದ ಸಾವಿಗೆ ಅಂತಹ ಗಳಿಗೆಯನ್ನು ಗುರುತಿಸುವುದು ಕಷ್ಟ.

ಹಸಿರಾಗಿರುವ ಮರದಲ್ಲಿಯೂ ಬಹುಭಾಗ ನಿರ್ಜೀವವೇ. ನಡುವಿನ ಚೇಗು ಸತ್ತ ಜೀವಕೋಶಗಳ ರಾಶಿ. ಜೀವವಿರುವುದು ತೊಗಟೆಯ ಒಳಬದಿಯ ತೆಳುಪದರದಲ್ಲಿ, ಅದಕ್ಕೆ ಹೊಂದಿಕೊಂಡ ಎಳೆಯ ಭಾಗದಲ್ಲಿ. ಹಿಂದಿನವರ ಎಲುಬಿನ ಮೇಲೆಯೇ ಇಂದಿನವರು ನಿಂತಂತೆ! ಆದ್ದರಿಂದಲೇ ಶಿಲೀಂಧ್ರಗಳು ಒಳಗನ್ನು ತಿಂದು ಟೊಳ್ಳು ಮಾಡಿದರೂ ಮರ ದಶಕಗಳ ಕಾಲ ಹೂ ಬಿಡುತ್ತದೆ.

ನಗರದ ರಸ್ತೆಬದಿಯ ಮಳೆಮರಕ್ಕೆ ಇಷ್ಟು ನಿಧಾನವಾಗಿ ಮುದಿಯಾಗುವ ಭಾಗ್ಯವಿಲ್ಲ. ನೀರು ಹೀರುವ ಬೇರುಗಳು ಬಹುಪಾಲು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲಿಯೇ ಇರುತ್ತವೆ. ಚರಂಡಿಗೆ, ಕೇಬಲ್ಲಿಗೆ ಅಗೆಯುವಾಗ ಕತ್ತರಿಸಿ ಹೋಗುವುದು ಅವೇ. ಬುಡಕ್ಕೆ ಸಿಮೆಂಟು ಬಿದ್ದ ಮೇಲೆ ನೀರೂ ಇಲ್ಲ, ಗಾಳಿಯೂ ಇಲ್ಲ. ಒಂದು ಮಳೆಗೆ ಮರ ಉರುಳಿದರೆ ‘ಆಯುಷ್ಯ ಮುಗಿದಿತ್ತು’ ಎನ್ನುತ್ತಾರೆ. ಇದನ್ನು ವೃದ್ಧಾಪ್ಯವೆನ್ನಲು ಕೃಷಿವಿಜ್ಞಾನ ಓದಿದ ನನ್ನಿಂದಾಗದು. ಸಂಜೆಯೊಳಗೆ ದಿಮ್ಮಿಗಳು ಲಾರಿ ಏರುತ್ತವೆ. ಕೊಳೆಯುವ ಹಕ್ಕೂ ಅದಕ್ಕಿಲ್ಲ.

ಕಡಿದ ಮರಕ್ಕೆ ಬದಲು ಸಸಿ ನೆಡಬೇಕೆಂದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ನೆಡಲಿ, ಬೇಡವೆನ್ನುವುದಿಲ್ಲ. ಆದರೆ ಸಸಿಯಲ್ಲಿ ಪೊಟರೆಯಿರುವುದಿಲ್ಲ. ನಮ್ಮ ಕಾನುಗಳ ಮಂಗಟ್ಟೆ ಹಕ್ಕಿ ಗೂಡು ಮಾಡುವುದು ಹಳೆಯ ಮರದ ಪೊಟರೆಯಲ್ಲಿ. ಹೆಣ್ಣು ಒಳಹೊಕ್ಕು, ಬಾಗಿಲು ಮುಚ್ಚಿಕೊಂಡು, ಕಿರಿದಾದ ಸೀಳಿನ ಮೂಲಕ ಗಂಡು ತಂದ ಹಣ್ಣು ತಿಂದು ಮರಿ ಮಾಡುತ್ತದೆ. ಅಷ್ಟು ದೊಡ್ಡ ಪೊಟರೆಗೆ ಮರ ಮೊದಲು ಬೆಳೆಯಬೇಕು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸಾಯಬೇಕು. ನಲವತ್ತು ದಾಟಿದ ನಾನು ಇಂದು ನೆಟ್ಟ ಸಸಿಯಲ್ಲಿ ಅದನ್ನು ಕಾಣಲಾರೆ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳೂ ಕಾಣುವುದು ಅನುಮಾನ.

ಒಣಗಿದ ಮರ ಕಂಡೊಡನೆ ಗರಗಸದವರಿಗೆ ಹೇಳಿಕಳುಹಿಸುವ ಆತುರ ಮಲೆನಾಡಿಗೂ ಬಂದಿದೆ. ಮನೆಗೆ, ದಾರಿಗೆ, ವಿದ್ಯುತ್ ತಂತಿಗೆ ಅಪಾಯವಿದ್ದರೆ ತೆಗೆಯಲೇಬೇಕು, ನಿಜ. ಸೊಪ್ಪಿನ ಬೆಟ್ಟದ ಮೂಲೆಯಲ್ಲಿ ನಿಂತದ್ದನ್ನು ಏಕೆ ತೆಗೆಯಬೇಕು? ಈ ಬೇಸಿಗೆ ರಜೆಯಲ್ಲಿ ಶಾಲಾ ಮಕ್ಕಳು ಊರಿನ ಹಳೆಯ ಮರಗಳ ಸುತ್ತಳತೆ ತೆಗೆದು, ಪೊಟರೆಗಳನ್ನು ಎಣಿಸಿ ಪಟ್ಟಿ ಮಾಡಲಿ. ರಸ್ತೆ ಅಗಲೀಕರಣದ ಅಳತೆಗೆ ಜನ ಬರುವ ಮುನ್ನವೇ ಅದರ ಒಂದು ಪ್ರತಿ ಪಂಚಾಯಿತಿಯಲ್ಲಿರಲಿ.