ದಿನದ ಊಟ ಹೋಟೆಲಿನದಾದರೆ ತಪ್ಪೇನು?

ಹುಟ್ಟುಹಬ್ಬಕ್ಕೋ ನೆಂಟರು ಬಂದಾಗಲೋ ಹೊರಗೆ ಊಟ ಮಾಡುವ ಮಾತಲ್ಲ ಇದು. ಬೆಳಗಿನ ತಿಂಡಿ ದರ್ಶಿನಿಯಲ್ಲಿ, ಮಧ್ಯಾಹ್ನದ ಊಟ ಆಫೀಸಿನ ಕ್ಯಾಂಟೀನಿನಲ್ಲಿ, ರಾತ್ರಿಯದು ಮೊಬೈಲಿನಲ್ಲಿ ಆರ್ಡರ್ ಮಾಡಿ ತರಿಸಿದ್ದು. ಹೀಗೆ ದಿನ ಕಳೆಯುವ ಮನೆಗಳು ನಮ್ಮ ನಗರಗಳಲ್ಲಿ ಈಗ ಅಪರೂಪವಲ್ಲ. ಕೇಂದ್ರ ಸರ್ಕಾರದ 2022–23ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ, ನಗರದ ಮನೆಗಳ ಒಟ್ಟು ಖರ್ಚಿನಲ್ಲಿ ಪಾನೀಯ, ಸಂಸ್ಕರಿತ ಆಹಾರ ಮತ್ತು ಕೊಂಡು ತಿನ್ನುವ ಸಿದ್ಧ ಊಟ-ತಿಂಡಿಗಳ ಪಾಲು ಶೇ 10.64. ಅಕ್ಕಿ, ಗೋಧಿ, ರಾಗಿ ಎಲ್ಲ ಧಾನ್ಯ ಸೇರಿಸಿದರೂ ಅಷ್ಟಾಗುವುದಿಲ್ಲ. ಹಾಲಿನ ಖರ್ಚೂ ಅದಕ್ಕಿಂತ ಕಡಿಮೆ. ಹಾಗಾದರೆ ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆ ದಿನದ ಅಡುಗೆಯನ್ನು ಹೋಟೆಲಿಗೆ ಒಪ್ಪಿಸಿಬಿಡುವುದು ಸರಿಯೇ? ಎರಡೂ ಕಡೆಯ ವಾದ ಇಲ್ಲಿದೆ.

ಪರ
ಒಲೆಯ ಮುಂದಿನ ಹೊತ್ತಿಗೂ ಬೆಲೆ ಕಟ್ಟಿ

ಮನೆ ಊಟ ಅಗ್ಗ, ಮನೆ ಊಟವೇ ಮೇಲು ಎನ್ನುವವರು ಒಂದು ಖರ್ಚನ್ನು ಮಾತ್ರ ಬರೆದುಕೊಳ್ಳುವುದೇ ಇಲ್ಲ. ಅದು ಅಡುಗೆ ಮಾಡುವವರ ಹೊತ್ತು. 2024ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟಿದ್ದಾರೆ. ಗಂಡಸರು ಕೊಟ್ಟದ್ದು 88 ನಿಮಿಷ. ಆ 289 ನಿಮಿಷದ ದೊಡ್ಡ ಪಾಲು ಅಡುಗೆಮನೆಯದು ಎಂದು ಯಾವ ಮನೆಯವರನ್ನು ಕೇಳಿದರೂ ಹೇಳುತ್ತಾರೆ. ಈ ಗಂಟೆಗಳನ್ನು ಸೊನ್ನೆ ಎಂದು ಹಿಡಿದರೆ ಮನೆ ಊಟ ಅಗ್ಗವಾಗದೆ ಇನ್ನೇನು?

ಇಡ್ಲಿಯನ್ನೇ ತೆಗೆದುಕೊಳ್ಳಿ. ಹಿಂದಿನ ದಿನವೇ ಅಕ್ಕಿ, ಉದ್ದಿನಬೇಳೆ ಬೇರೆ ಬೇರೆ ನೆನೆಹಾಕಬೇಕು. ಸಂಜೆ ಕೆಲಸದಿಂದ ಬಂದವಳೇ ಉದ್ದನ್ನು ನುಣ್ಣಗೆ, ಅಕ್ಕಿಯನ್ನು ತರಿತರಿಯಾಗಿ ರುಬ್ಬಿ, ಎರಡನ್ನೂ ಕೈಯಲ್ಲಿ ಕಲಸಿ ಮುಚ್ಚಿಡಬೇಕು. ಡಿಸೆಂಬರ್ ಚಳಿಯಲ್ಲಿ ರಾತ್ರಿಯಿಡೀ ಇಟ್ಟರೂ ಹಿಟ್ಟು ಉಬ್ಬದಿದ್ದರೆ ಬೆಳಿಗ್ಗೆ ಬೇರೆ ತಿಂಡಿಯ ಯೋಚನೆ. ಉಬ್ಬಿದ್ದರೆ ತಟ್ಟೆಗೆ ಎಣ್ಣೆ ಸವರಿ, ಹಿಟ್ಟು ಹೊಯ್ದು, ಅದು ಬೇಯುವಷ್ಟರಲ್ಲಿ ಕಾಯಿ ತುರಿದು ಚಟ್ನಿ ಮಾಡಬೇಕು. ಆ ಕಡೆ ಮಗುವಿನ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುತ್ತಿರುತ್ತದೆ. ತಿಂದಾದ ಮೇಲೆ ಗ್ರೈಂಡರಿನ ಕಲ್ಲು, ಮಿಕ್ಸಿ ಜಾರಿನ ಬ್ಲೇಡಿನಡಿ ಅಂಟಿದ ಚಟ್ನಿ, ಇಡ್ಲಿ ತಟ್ಟೆಯ ಒಂದೊಂದು ಗುಳಿ ಉಜ್ಜುವ ಕೆಲಸ ಬಾಕಿ. ಹೋಟೆಲಿನಲ್ಲಿ ಇದೇ ಶ್ರಮ ನೂರಾರು ತಟ್ಟೆಗಳಿಗೆ ಹಂಚಿಹೋಗುತ್ತದೆ. ನೂರು ಮನೆಯಲ್ಲಿ ನೂರು ಹೆಂಗಸರು ಒಂದೇ ಕೆಲಸವನ್ನು ಬೇರೆ ಬೇರೆ ನಿಂತು ಮಾಡುವ ಬದಲು ಹತ್ತು ಜನ ಸಂಬಳ ಪಡೆದು ಒಂದೆಡೆ ಮಾಡುವುದರಲ್ಲಿ ಯಾವ ಅಧರ್ಮವೂ ಇಲ್ಲ.

ಬೆಂಗಳೂರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿತು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಾಗಿಲು ತೆರೆದಾಗ ಅಲ್ಲಿ ಮಾಣಿ ಇರಲಿಲ್ಲ, ಕುರ್ಚಿ ಇರಲಿಲ್ಲ. ಟೋಕನ್ ತೆಗೆದುಕೊಂಡು, ತಟ್ಟೆ ಕೈಯಲ್ಲಿ ಹಿಡಿದು ನಿಂತೇ ತಿನ್ನುವ ಏರ್ಪಾಡು. ಜಾಗದ ಬಾಡಿಗೆ, ಬಡಿಸುವವರ ಸಂಬಳ ಎರಡೂ ಉಳಿದದ್ದರಿಂದ ತಿಂಡಿಯ ದರ ಸಾಮಾನ್ಯರ ಕೈಗೆ ಎಟುಕಿತು. ಆ ಮಾದರಿ ಊರೂರಿಗೆ ಹರಡಿತೆಂದರೆ ಜನರಿಗೆ ಅದರ ಅಗತ್ಯ ಎಷ್ಟಿತ್ತೆಂದು ಬೇರೆ ಹೇಳಬೇಕಿಲ್ಲ. 2017ರ ಆಗಸ್ಟ್‌ನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಎಂದು ಇಂದಿರಾ ಕ್ಯಾಂಟೀನ್ ಶುರುವಾದಾಗ ಆಟೊ ಚಾಲಕರು, ಪೌರಕಾರ್ಮಿಕರು, ಕಟ್ಟಡ ಕೆಲಸದವರು ಸಾಲು ನಿಂತರು. ಹತ್ತಡಿ ಕೋಣೆಯಲ್ಲಿ ನಾಲ್ವರು ಮಲಗುವ, ಅಡುಗೆಗೆ ಮೂಲೆಯೂ ಇಲ್ಲದ ದುಡಿಮೆಗಾರರಿಗೆ "ಮನೆಯಲ್ಲೇ ಮಾಡಿಕೊಳ್ಳಿ" ಎನ್ನುವುದು ಉಪದೇಶವಾದೀತೇ ಹೊರತು ಪರಿಹಾರವಾಗದು.

ಇನ್ನೊಂದು ಕಾರಣ ನನಗೆ ಎಲ್ಲಕ್ಕಿಂತ ದೊಡ್ಡದು. ಒಂದು ಕಾಲದಲ್ಲಿ ದಕ್ಷಿಣದ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗವಿತ್ತು. ಕೆಲವರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ಸಂವಿಧಾನದ 15ನೇ ವಿಧಿ ಅಂಗಡಿ, ಬಾವಿ, ಕೆರೆಗಳ ಜೊತೆ ಹೋಟೆಲನ್ನೂ ಹೆಸರಿಸಿ, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎಂದು ಹೇಳಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಎರಡು ಲೋಟದ ಪದ್ಧತಿ ಹಳ್ಳಿಗಳಿಂದ ಇನ್ನೂ ಪೂರ್ತಿ ಅಳಿದಿಲ್ಲ. ದರ್ಶಿನಿಯ ಕಟ್ಟೆಯ ಮುಂದೆ ಮಾತ್ರ ಪಕ್ಕದಲ್ಲಿ ನಿಂತು ತಿನ್ನುವವನ ಜಾತಿ ಯಾರಿಗೂ ಗೊತ್ತಿಲ್ಲ, ಯಾರೂ ಕೇಳುವುದಿಲ್ಲ. ನಮ್ಮ ಎಷ್ಟು ಮನೆಗಳ ಅಡುಗೆಮನೆಯ ಬಗ್ಗೆ ಈ ಮಾತನ್ನು ಎದೆ ಮುಟ್ಟಿ ಹೇಳಬಹುದು?

ಹೊರಗಿನ ಊಟವೆಂದರೆ ಕರಿದ ತಿಂಡಿ ಎಂಬುದೂ ಅರ್ಧ ಸತ್ಯ. ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯ ಖಾನಾವಳಿಗೆ ಹೋದರೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು ಬರುತ್ತದೆ. ಅಲ್ಲಿನ ರೊಟ್ಟಿ ಕೇಂದ್ರಗಳಲ್ಲಿ ರೊಟ್ಟಿ ಬಡಿದೇ ಮನೆ ನಡೆಸುವ ಹೆಣ್ಣುಮಕ್ಕಳಿದ್ದಾರೆ. ಮನೆಯಲ್ಲಿ ಪುಕ್ಕಟೆಯಾಗಿ ಬಡಿಯುತ್ತಿದ್ದ ಅದೇ ರೊಟ್ಟಿಗೆ ಅಲ್ಲಿ ಬೆಲೆ ಬಂದಿದೆ. ಕೊಳ್ಳುವವಳಿಗೆ ಹೊತ್ತು ಉಳಿಯಿತು, ಬಡಿಯುವವಳಿಗೆ ದುಡ್ಡು ಬಂತು. ಇಬ್ಬರಿಗೂ ಒಳಿತಾಗಿರುವಾಗ ಕೆಟ್ಟದ್ದು ಯಾರಿಗಾಯಿತು?

ವಿರೋಧ
ಉಪ್ಪು ಹಾಕುವ ಕೈ ನಮ್ಮದೇ ಇರಲಿ

ಅಡುಗೆಯ ಹೊರೆ ಹೆಂಗಸರ ಮೇಲೇ ಬಿದ್ದಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ 289 ಮತ್ತು 88ರ ನಡುವಿನ ಅನ್ಯಾಯಕ್ಕೆ ಮದ್ದು ಒಲೆ ಆರಿಸುವುದಲ್ಲ. ಗಂಡಸರು, ಬೆಳೆದ ಮಕ್ಕಳು ಒಲೆಯ ಮುಂದೆ ಬರುವುದು. ಮನೆಯ ಕೆಲಸ ಹಂಚಿಕೊಳ್ಳಲು ಒಲ್ಲದ ಗಂಡ ಹೋಟೆಲಿನಿಂದ ಊಟ ತರಿಸಿಕೊಟ್ಟರೆ ಅಡುಗೆಯೊಂದು ತಪ್ಪೀತು. ಬಟ್ಟೆ, ಕಸ, ಮಕ್ಕಳ ಹೋಂವರ್ಕ್ ಎಲ್ಲ ಮೊದಲಿನಂತೆ ಅವಳ ತಲೆಯ ಮೇಲೇ.

ಊಟದ ಮೇಲಿನ ಹಿಡಿತ ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಣ್ಣದ ಬಾಂಬೆ ಮಿಠಾಯಿಯನ್ನೂ ನಿಷೇಧಿಸಿತು. ಮಾದರಿಗಳ ಪರೀಕ್ಷೆಯಲ್ಲಿ ರೋಡಮೈನ್-ಬಿಯಂಥ, ಬಟ್ಟೆಗೆ ಹಾಕುವ ಬಣ್ಣ ಸಿಕ್ಕಿತ್ತು. 2025ರ ಫೆಬ್ರುವರಿಯಲ್ಲಿ ಇನ್ನೊಂದು ಸುದ್ದಿ: ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದದ್ದು ಆರೋಗ್ಯ ಇಲಾಖೆಯ ತಪಾಸಣೆಯಲ್ಲಿ ಹಲವು ಕಡೆ ಕಂಡುಬಂತು. ಪರ ವಾದದವರು ಮೆಚ್ಚಿ ಹೇಳಿದ ಇಡ್ಲಿಯ ಕಥೆಯೇ ಇದು. ಕರಿದ ಎಣ್ಣೆಯದೂ ಹೀಗೆಯೇ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಉಂಟಾಗುವ ಪೋಲಾರ್ ಸಂಯುಕ್ತಗಳು ಶೇ 25ನ್ನು ದಾಟಿದರೆ ಅದನ್ನು ಬಳಸುವಂತಿಲ್ಲ ಎಂದು 2018ರ ಜುಲೈನಿಂದ ದೇಶದಲ್ಲಿ ನಿಯಮವಿದೆ. ಬಾಣಲೆಯ ಎಣ್ಣೆ ಆ ಗೆರೆ ದಾಟಿದೆಯೋ ಇಲ್ಲವೋ ಎಂದು ತಟ್ಟೆ ಹಿಡಿದು ನಿಂತ ಗಿರಾಕಿಗೆ ಹೇಗೆ ತಿಳಿಯಬೇಕು? ಎಲ್ಲ ಹೋಟೆಲಿನವರೂ ಹೀಗೆ ಎಂದು ನಾನು ಹೇಳುತ್ತಿಲ್ಲ. ಶುಚಿ-ರುಚಿ ಎರಡನ್ನೂ ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರಿದ್ದಾರೆ. ಆದರೆ ಪ್ರತಿ ದಿನ, ಪ್ರತಿ ಹೊತ್ತು ಊಟವನ್ನು ನಂಬಿಕೆಯ ಮೇಲೇ ನಡೆಸುವುದು ದೊಡ್ಡ ಪಣ.

ಕಲಬೆರಕೆ ಇಲ್ಲದ ಹೋಟೆಲೇ ಆಗಲಿ, ಉಪ್ಪಿನ ಮಾತು ಉಳಿಯುತ್ತದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಒಂದು ಟೀ ಚಮಚ; ಮೂರು ಹೊತ್ತಿಗೂ ಸೇರಿ. ಹೋಟೆಲಿನ ಅಡುಗೆಯವರು ಬೇಯಿಸುವುದು ಗಿರಾಕಿ ಮತ್ತೆ ಬರಲಿ ಎಂದು. ಅದಕ್ಕೆ ಉಪ್ಪು, ಎಣ್ಣೆ, ಸಕ್ಕರೆ ಒಂದು ಕೈ ಮುಂದೆಯೇ ಬೀಳುತ್ತವೆ. ಮನೆಯಲ್ಲಿ ಬಿ.ಪಿ. ಇರುವ ಅಪ್ಪನಿಗೆ ಸಾರು ಬೇರೆ ತೆಗೆದಿಟ್ಟು ಆಮೇಲೆ ಉಪ್ಪು ಹಾಕಬಹುದು, ಸಕ್ಕರೆ ಕಾಯಿಲೆಯ ಅತ್ತೆಗೆ ಅನ್ನ ಕಡಿಮೆ ಮಾಡಿ ಪಲ್ಯ ಹೆಚ್ಚಿಸಬಹುದು, ಬಾಣಂತಿಗೆ ಬೇರೆಯೇ ಮಾಡಬಹುದು. ಹೋಟೆಲಿನ ಒಂದೇ ಹಂಡೆಯಲ್ಲಿ ಇದು ಆಗದು.

ಮನೆ ಅಡುಗೆ ಎಂದ ಕೂಡಲೇ ಇಡ್ಲಿಯನ್ನೇ ಮುಂದಿಟ್ಟರೆ ನ್ಯಾಯವಾಗದು. ಹಗಲೆಲ್ಲ ದುಡಿದು ಬಂದವರು ಮಾಡಿಕೊಳ್ಳುವ ರಾತ್ರಿಯ ಊಟ ನೋಡಿ. ಕುಕ್ಕರಿನ ತಳದಲ್ಲಿ ತೊಗರಿಬೇಳೆ, ಮೇಲಿನ ಪಾತ್ರೆಯಲ್ಲಿ ಅಕ್ಕಿ. ಅದು ಮೂರು ಕೂಗು ಕೂಗುವಷ್ಟರಲ್ಲಿ ಒಬ್ಬರು ಮೆಂತ್ಯ ಸೊಪ್ಪು ಬಿಡಿಸುತ್ತಾರೆ, ಇನ್ನೊಬ್ಬರು ಈರುಳ್ಳಿ, ಟೊಮೆಟೊ ಹೆಚ್ಚುತ್ತಾರೆ. ಸೊಪ್ಪನ್ನು ಪಲ್ಯಕ್ಕೆ ಹಾಕಿ, ಬೆಂದ ಬೇಳೆಗೆ ಟೊಮೆಟೊ, ಹುಣಸೆರಸ, ಸಾರಿನಪುಡಿ ಸೇರಿಸಿ ಒಂದು ಕುದಿ ಬರಿಸಿ, ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ಮುಕ್ಕಾಲು ಗಂಟೆಯ ಕೆಲಸ. ಆ್ಯಪಿನಲ್ಲಿ ಏನು ತರಿಸುವುದೆಂದು ಹುಡುಕಿ, ಆರ್ಡರ್ ಮಾಡಿ, ದಾರಿ ಕಾಯುವ ಹೊತ್ತೂ ಬಹಳ ಕಡಿಮೆಯೇನಲ್ಲ.

ದುಡ್ಡಿನ ಲೆಕ್ಕವೂ ಸರಳ. ನಾಲ್ಕು ಜನರ ಮನೆ ದಿನಕ್ಕೆ ಒಂದೇ ಹೊತ್ತು ತಲಾ 100 ರೂಪಾಯಿಯ ಊಟ ಕೊಂಡರೂ ತಿಂಗಳಿಗೆ 12,000 ರೂಪಾಯಿ. ಮನೆಗೆ ತರಿಸಿದರೆ ಅದರ ಮೇಲೆ ಶೇ 5ರ ಜಿಎಸ್‌ಟಿ, ಡಬ್ಬಿಯ ದುಡ್ಡು, ತಂದುಕೊಟ್ಟದ್ದರ ದುಡ್ಡು. ಮೇಲೆ ಹೇಳಿದ ಅನ್ನ, ಸಾರು, ಪಲ್ಯಕ್ಕೆ ಗ್ಯಾಸೂ ಸೇರಿ ನಾಲ್ವರಿಗೆ 150 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 4,500. ಉಳಿಯುವ ಏಳೂವರೆ ಸಾವಿರದಲ್ಲಿ ಪಾತ್ರೆ ತೊಳೆಯಲು ಒಬ್ಬರಿಗೆ ಒಳ್ಳೆಯ ಸಂಬಳ ಕೊಟ್ಟೂ ಮಿಗುತ್ತದೆ.

ಕಳೆದುಹೋಗುವುದು ಇನ್ನೂ ಇದೆ. ಬಸ್ಸಾರು, ಮಸ್ಸೊಪ್ಪು, ಉಪ್ಪೆಸರು, ಒಂದೆಲಗದ ತಂಬುಳಿ, ಮಳೆಗಾಲದ ಪತ್ರೊಡೆ ಎಷ್ಟು ಹೋಟೆಲುಗಳ ಮೆನುವಿನಲ್ಲಿವೆ? ಅಲ್ಲಿ ವರ್ಷವಿಡೀ ಅದೇ ದೋಸೆ, ಅದೇ ಪನೀರ್, ಅದೇ ಫ್ರೈಡ್ ರೈಸ್. ಹೊನಗೊನೆ ಸೊಪ್ಪು, ಕೆಸುವಿನೆಲೆ, ಹಸಿ ಅವರೆಕಾಳು ಸಂತೆಗೆ ಬರುವುದು ಅದನ್ನು ಕೊಂಡು ಬೇಯಿಸುವ ಮನೆಗಳಿರುವವರೆಗೆ ಮಾತ್ರ. ಬೇಯಿಸಲು ಬಲ್ಲವರು ಇಲ್ಲವಾದರೆ ಮಾರುವ ಮುದುಕಿಯೂ ಇಲ್ಲ, ಬೆಳೆಯುವ ರೈತನೂ ಇಲ್ಲ.

ಇನ್ನು ಹೋಟೆಲಿನಲ್ಲಿ ಬೇಯಿಸುವವರ ಮಾತು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ ಎಂದು ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಬೆಳಗಿನ ಜಾವ ಒಲೆ ಹಚ್ಚಿ ರಾತ್ರಿ ನೆಲ ಒರೆಸಿ ಅಲ್ಲೇ ಮಹಡಿಯ ಮೇಲೆ ಮಲಗುವ ಹುಡುಗರಲ್ಲಿ ಎಷ್ಟು ಜನಕ್ಕೆ ಅದು ಸಿಗುತ್ತಿದೆ? ನಮ್ಮ ಮನೆಯ ಹೆಣ್ಣಿನ ಹೆಗಲಿನಿಂದ ಇಳಿದ ಹೊರೆ ದೂರದೂರಿನಿಂದ ಬಂದ ಹುಡುಗನ ಹೆಗಲಿಗೇರಿದೆ. ನಮಗೆ ಕಾಣುವುದಿಲ್ಲ, ಅಷ್ಟೆ.

ಮರುಮಾತು

ಪರ: ಕಾಯ್ದೆ ಜಾರಿಯಾಗುತ್ತಿಲ್ಲ ಎಂದರೆ ಜಾರಿ ಮಾಡಿಸೋಣ, ತಪಾಸಣೆ ಹೆಚ್ಚಿಸೋಣ. ಆ ಹುಡುಗನ ಬೆನ್ನಿಗೆ ನಿಲ್ಲಲು ಕಡೇಪಕ್ಷ ಒಂದು ಕಾಯ್ದೆ ಇದೆ. ಮನೆಯಲ್ಲಿ ಬೇಯಿಸುವವಳಿಗೆ ಭಾನುವಾರದ ರಜೆ ಕೊಡಿಸುವ ಕಾಯ್ದೆ ಯಾವುದಿದೆ? ಒಬ್ಬರು ಸೊಪ್ಪು ಬಿಡಿಸಿ ಇನ್ನೊಬ್ಬರು ಈರುಳ್ಳಿ ಹೆಚ್ಚುವ ಮನೆಯ ಚಿತ್ರ ಚೆನ್ನಾಗಿದೆ. ಅಂಥ ಮನೆಗಳಾಗಿದ್ದರೆ ಈ ಚರ್ಚೆಯೇ ಬೇಕಿರಲಿಲ್ಲ. 2019ರ ಸಮೀಕ್ಷೆಯಲ್ಲಿ ಹೆಂಗಸರ ಲೆಕ್ಕ 299 ನಿಮಿಷವಿತ್ತು. ಐದು ವರ್ಷದಲ್ಲಿ ಇಳಿದದ್ದು ಹತ್ತೇ ನಿಮಿಷ. ಗಂಡಸರದ್ದು 97ರಿಂದ 88ಕ್ಕೆ ಬಂತು. ಅವರೂ ಕಡಿಮೆ ಮಾಡಿದರೇ ಹೊರತು ಹೆಚ್ಚು ಮಾಡಲಿಲ್ಲ. ಗಂಡಸರು ಬದಲಾಗಲಿ ಎಂದು ಕಾಯುತ್ತ ಇನ್ನೊಂದು ತಲೆಮಾರಿನ ಹೆಣ್ಣುಮಕ್ಕಳು ಒಲೆಯ ಮುಂದೆ ನಿಲ್ಲಬೇಕೇ? ಅಲ್ಲಿಯವರೆಗೆ ಒಳ್ಳೆಯ ಖಾನಾವಳಿ, ಒಳ್ಳೆಯ ಕ್ಯಾಂಟೀನ್ ಅವರ ಹಕ್ಕು.

ವಿರೋಧ: ಖಾನಾವಳಿ, ರೊಟ್ಟಿ ಕೇಂದ್ರ, ಇಂದಿರಾ ಕ್ಯಾಂಟೀನ್ ಇರಲಿ, ಇನ್ನೂ ಹೆಚ್ಚಲಿ. ಒಲೆಗೆ ಜಾಗವಿಲ್ಲದವರಿಗೆ ಅವು ಬೇಕೇ ಬೇಕು. ಹುಷಾರಿಲ್ಲದ ದಿನ, ದಣಿದ ದಿನ ಯಾರಿಗಾದರೂ ಬೇಕು. ನನ್ನ ವಿರೋಧ ಒಲೆ ಇದ್ದೂ ಅದನ್ನು ಮುಚ್ಚುವ ಮನೆಗಳ ಬಗ್ಗೆ. ಅಲ್ಲಿ ಬೆಳೆಯುವ ಮಗನಿಗೆ ಅನ್ನಕ್ಕೆ ಎಷ್ಟು ನೀರಿಡಬೇಕೆಂದು ಹೇಳಿಕೊಡುವವರೇ ಇರುವುದಿಲ್ಲ. ಅವನು ನಾಳೆ ಗಂಡನಾದಾಗ 88 ನಿಮಿಷ 150 ಆಗುವುದಾದರೂ ಹೇಗೆ? ಸಮಪಾಲು ಬೇಕೆನ್ನುವವರು ಅಡುಗೆಯನ್ನು ಗಂಡುಮಕ್ಕಳಿಗೆ ಕಲಿಸಲೇಬೇಕು. ಅದನ್ನು ಕಲಿಯುವ ಶಾಲೆ ಮನೆಯ ಒಲೆ. ವಾರಕ್ಕೆ ಎರಡು ದಿನ ಹೊರಗೆ ತಿನ್ನಿ, ಬೇಡ ಎನ್ನುವುದಿಲ್ಲ. ಉಳಿದ ಐದು ದಿನದ ಅಡುಗೆಯ ಪಾಳಿಯನ್ನು ಬರೆದು ಗೋಡೆಗೆ ಹಚ್ಚಿ. ಅದರಲ್ಲಿ ಗಂಡನ ಹೆಸರೂ ಮಗನ ಹೆಸರೂ ಇರಲಿ.