ಪೆಟ್ರೋಲ್ ಮುಳ್ಳು ಹೇಳುವ ಸುಳ್ಳು

ತಾತನ ಕಾಲದ ಮಾರಿಸ್ ಮೈನರ್ ಕಾರೊಂದು ಘಾಟಿಯ ತಿರುವಿನಲ್ಲಿ ಎರಡು ಸಲ ಕೆಮ್ಮಿ ನಿಂತುಬಿಡುತ್ತದೆ ಎಂದುಕೊಳ್ಳೋಣ. ಹೊತ್ತು ಮುಳುಗುತ್ತಿದೆ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದಾರೆ. ಕಾರ್ಬ್ಯುರೇಟರ್ ನೋಡಿದ್ದಾಯಿತು, ಪಂಪು ನೋಡಿದ್ದಾಯಿತು. ಪೆಟ್ರೋಲ್ ಮುಳ್ಳಂತೂ ‘ಎಫ್’ ಅಕ್ಷರದ ಮೇಲೆ ನೆಮ್ಮದಿಯಾಗಿ ಕುಳಿತಿದೆ. ಕೊನೆಗೆ ಯಾರೋ ಕಾರನ್ನು ಅಲುಗಾಡಿಸಿದಾಗ ಟ್ಯಾಂಕಿನಿಂದ ತುಳುಕುವ ಸದ್ದೇ ಬರುವುದಿಲ್ಲ. ಟ್ಯಾಂಕ್ ಬರಿದು!

‘ಮೀಟರ್ ಕೆಟ್ಟಿದೆ, ಹೊಸದು ತರಿಸಬೇಕು’ ಎಂಬುದು ಇಂಥ ಸಂದರ್ಭದಲ್ಲಿ ಎಲ್ಲರ ಬಾಯಲ್ಲೂ ಬರುವ ತೀರ್ಪು. ಮೈನರ್ 1948ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಕಾರು. 1950ರ ದಶಕದ ಆರಂಭದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಇದನ್ನೇ ‘ಬೇಬಿ ಹಿಂದೂಸ್ತಾನ್’ ಎಂದು ನಮ್ಮ ದೇಶದಲ್ಲಿ ತಯಾರಿಸಿತು. ಇದರ ಮೀಟರನ್ನು ಹುಡುಕಿ ತರುವುದು ಸುಲಭದ ಮಾತಲ್ಲ. ಆದರೆ ಎಷ್ಟೋ ಬಾರಿ ಮೀಟರ್ ನಿರಪರಾಧಿಯೇ ಆಗಿರುತ್ತದೆ. ಹತ್ತನೆಯ ತರಗತಿಯ ಪುಸ್ತಕದಲ್ಲಿರುವ ಓಮನ ನಿಯಮವನ್ನು ಬಲ್ಲ ಹುಡುಗ ಅಥವಾ ಹುಡುಗಿ ಇದನ್ನು ಹತ್ತು ನಿಮಿಷದಲ್ಲಿ ಸಾಬೀತುಪಡಿಸಬಹುದು.

ಟ್ಯಾಂಕಿನೊಳಗೆ ಒಂದು ಫ್ಲೋಟ್ ಇದೆ. ಮನೆಯ ನೀರಿನ ತೊಟ್ಟಿಯಲ್ಲಿ ನಲ್ಲಿ ನಿಲ್ಲಿಸುವ ಚೆಂಡಿನಂಥದೇ. ಪೆಟ್ರೋಲಿನ ಮಟ್ಟದೊಡನೆ ಅದು ಏರಿಳಿದಾಗ ಅದರ ತೋಳು ಒಂದು ರೋಧದ ತಂತಿಯ ಮೇಲೆ ಸವರಿಕೊಂಡು ಹೋಗುತ್ತದೆ. ಈ ಜೋಡಣೆಗೆ ಮೆಕ್ಯಾನಿಕ್‌ಗಳು ‘ಸೆಂಡರ್’ ಎನ್ನುತ್ತಾರೆ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಕೀಲಿ, ಮೀಟರ್, ಒಂದು ಉದ್ದನೆಯ ತಂತಿ, ಸೆಂಡರ್ ಇವುಗಳನ್ನು ಹಾದು ಕಾರಿನ ಲೋಹದ ಮೈಯ ಮೂಲಕ ಬ್ಯಾಟರಿಗೆ ಮರಳುತ್ತದೆ. ಪಠ್ಯಪುಸ್ತಕದ ಚಿತ್ರದಲ್ಲಿ ಎರಡು ತಂತಿಗಳಿರುತ್ತವೆ. ಕಾರಿನಲ್ಲಿ ಎರಡನೆಯ ತಂತಿ ಕಾರೇ. ಟ್ಯಾಂಕಿನ ಬೋಲ್ಟಿಗೆ ತುಕ್ಕು ಹಿಡಿದರೆ ಅಥವಾ ಯಾರಾದರೂ ಅಂದವಾಗಿ ಪೇಂಟ್ ಬಳಿದುಬಿಟ್ಟರೆ ಈ ದಾರಿ ಕಡಿದುಹೋಗುತ್ತದೆ.

ಬ್ರಿಟಿಷ್ ಕಾರುಗಳಲ್ಲಿ ಎರಡು ಜಾತಿಯ ಮೀಟರುಗಳಿವೆ. ಹಳೆಯದರಲ್ಲಿ ಎರಡು ಸುರುಳಿಗಳು ಒಂದು ಕಬ್ಬಿಣದ ತುಂಡನ್ನು ಎರಡು ಕಡೆಗೆ ಎಳೆಯುತ್ತವೆ. ಬ್ಯಾಟರಿಯ ಒತ್ತಡ ಹೆಚ್ಚಾದರೆ ಎರಡರ ಎಳೆತವೂ ಹೆಚ್ಚುವುದರಿಂದ ಮುಳ್ಳು ಮೋಸಹೋಗುವುದಿಲ್ಲ. 1960ರ ದಶಕದ ಮಧ್ಯಭಾಗದ ಹೊತ್ತಿಗೆ ಬಳಕೆಗೆ ಬಂದ ಇನ್ನೊಂದರಲ್ಲಿ ಇಸ್ತ್ರಿಪೆಟ್ಟಿಗೆಯಲ್ಲಿರುವಂಥ ದ್ವಿಲೋಹ ಪಟ್ಟಿಯೊಂದು ಬಿಸಿಯಾಗಿ ಬಾಗಿ ಮುಳ್ಳನ್ನು ತಳ್ಳುತ್ತದೆ. ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಗುಣ ತಾನೆ? 12 ವೋಲ್ಟ್ 14 ಆದರೆ ಶಾಖ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಏರುತ್ತದೆ. ಆದ್ದರಿಂದ ಸರಾಸರಿ 10 ವೋಲ್ಟ್ ಕೊಡುವ ಪುಟ್ಟ ಸ್ಟೆಬಿಲೈಸರ್ ಇದಕ್ಕೆ ಬೇಕು.

ಯಾವ ಜಾತಿ ಎಂದು ತಿಳಿಯಲು ಏನನ್ನೂ ಬಿಚ್ಚಬೇಕಿಲ್ಲ. ಕೀಲಿ ತಿರುಗಿಸಿದೊಡನೆ ಮುಳ್ಳು ನೆಗೆದರೆ ಹಳೆಯದು. ಆಮೆಯಂತೆ ತೆವಳಿದರೆ ದ್ವಿಲೋಹದ್ದು.

ಮುಳ್ಳು ಜಪ್ಪಯ್ಯ ಎಂದರೂ ಅಲುಗದಿದ್ದರೆ ಕಾರಿನ ಕೈಪಿಡಿ ನೋಡಬೇಕಾದೀತು. ಇದು ಮುಖ್ಯ. ಏಕೆಂದರೆ ಮುಂದಿನ ಪರೀಕ್ಷೆಯ ಉತ್ತರ ಎರಡರಲ್ಲಿ ತಿರುಗುಮುರುಗು.

ಪರೀಕ್ಷೆಯನ್ನು ದೊಡ್ಡವರ ಜೊತೆಯಲ್ಲಿ, ಬಯಲಿನಲ್ಲಿ, ಟ್ಯಾಂಕಿನ ಮುಚ್ಚಳ ಭದ್ರವಾಗಿರುವಾಗ, ಪೆಟ್ರೋಲ್ ವಾಸನೆ ಸ್ವಲ್ಪವೂ ಇಲ್ಲದಿರುವಾಗ ಮಾತ್ರ ಮಾಡಬೇಕು. ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಕೂಡದು. ತಂತಿಯನ್ನು ಮುಟ್ಟುವ ಮುನ್ನ ಪ್ರತಿಸಲವೂ ಕೀಲಿ ಆಫ್ ಆಗಿರಬೇಕು; ಆಗ ಟ್ಯಾಂಕಿನ ಬಳಿ ಕಿಡಿ ಹಾರುವ ಪ್ರಶ್ನೆಯಿಲ್ಲ. ಮೊದಲು ಸೆಂಡರಿನಿಂದ ತಂತಿಯನ್ನು ಕಳಚಿ, ಯಾವುದಕ್ಕೂ ತಾಗದಂತೆ ಇಟ್ಟು, ಕೀಲಿ ತಿರುಗಿಸಿ ಮುಳ್ಳನ್ನು ನೋಡುವುದು. ಅನಂತರ ಕೀಲಿ ಆಫ್ ಮಾಡಿ, ತಂತಿಯ ತುದಿಯನ್ನು ಕಾರಿನ ಸ್ವಚ್ಛವಾದ ಲೋಹಕ್ಕೆ ಬಿಗಿದು ಮತ್ತೆ ನೋಡುವುದು. ಹಳೆಯ ಮೀಟರ್ ಸರಿಯಿದ್ದರೆ ತಂತಿ ಕಳಚಿದಾಗ ‘ಎಫ್’, ಲೋಹಕ್ಕೆ ಸೇರಿಸಿದಾಗ ‘ಇ’ ತೋರಿಸುತ್ತದೆ. ದ್ವಿಲೋಹದ್ದು ಕಳಚಿದಾಗ ‘ಇ’ಯಲ್ಲೇ ಮಲಗಿರುತ್ತದೆ, ಸೇರಿಸಿದಾಗ ‘ಎಫ್’ ಕಡೆಗೆ ಏರುತ್ತದೆ. ಇದರಲ್ಲಿ ಮುಳ್ಳು ಅರ್ಧ ದಾಟಿದ ಕೂಡಲೇ ಕೀಲಿ ಆಫ್ ಮಾಡಬೇಕು. ತಡಮಾಡಿದರೆ ಒಳಗಿನ ಸುರುಳಿ ಸುಟ್ಟೀತು.

ಮುಳ್ಳು ಹೀಗೆ ವರ್ತಿಸಿತೇ? ಹಾಗಾದರೆ ಮೀಟರೂ ಸರಿ, ಉದ್ದನೆಯ ತಂತಿಯೂ ಸರಿ. ಕಳ್ಳ ಟ್ಯಾಂಕಿನ ಬಳಿ ಇದ್ದಾನೆ. ವರ್ತಿಸದಿದ್ದರೆ ಮುಂದಕ್ಕೆ ಹೋಗಿ ಫ್ಯೂಸ್, ತಂತಿ, ಮೀಟರುಗಳನ್ನು ನೋಡಬೇಕು. ದ್ವಿಲೋಹದ ಕಾರಿನಲ್ಲಿ ತಾಪಮಾನದ ಮೀಟರೂ ಇದ್ದು, ಎರಡೂ ಒಟ್ಟಿಗೆ ಹೆಚ್ಚು ತೋರಿಸುತ್ತಿದ್ದರೆ ಗುಮಾನಿ ಸ್ಟೆಬಿಲೈಸರ್ ಮೇಲೆ. ಅದರ ಅರ್ಥಿಂಗ್ ಸಡಿಲವಾದರೂ ಸಾಕು, ಪೂರ್ತಿ 12 ವೋಲ್ಟ್ ಹರಿಯುತ್ತದೆ.

ಘಾಟಿಯಲ್ಲಿ ನಿಂತ ಕಾರಿನ ರಹಸ್ಯ ಇಲ್ಲಿದೆ. ಅದು ಹಳೆಯ ಜಾತಿಯ ಮೀಟರ್. ಅದರಲ್ಲಿ ತಂತಿ ಕಡಿದರೂ ‘ಎಫ್’, ಅರ್ಥಿಂಗ್ ಹೋದರೂ ‘ಎಫ್’. ದ್ವಿಲೋಹದ್ದು ಕೆಟ್ಟಾಗ ಬಹುಮಟ್ಟಿಗೆ ‘ಇ’ ಎಂದು ಸುಳ್ಳು ಹೇಳುತ್ತದೆ. ಮಾಲೀಕ ಬಂಕಿಗೆ ಹೋಗಿ ಪೆಚ್ಚಾಗಿ ಮರಳುತ್ತಾನೆ, ಅಷ್ಟೆ. ಹಳೆಯದರ ಸುಳ್ಳು ನಡುರಸ್ತೆಯಲ್ಲಿ ಕೈಬಿಡುತ್ತದೆ.

ಟ್ಯಾಂಕಿನ ಕಡೆಯ ದೋಷಕ್ಕೆ ಮೊದಲ ಮದ್ದು ಅಗ್ಗದ್ದು. ಸೆಂಡರಿನ ಲೋಹದ ಅಂಚಿನಿಂದ ಕಾರಿನ ಸ್ವಚ್ಛ ಲೋಹಕ್ಕೆ ಒಂದು ಮೊಳ ತಂತಿ ಹಾಕಿ ನೋಡುವುದು. ಮುಳ್ಳು ಸರಿಹೋದರೆ ಆ ತಂತಿಯನ್ನೇ ಕಾಯಂ ಮಾಡಿದರಾಯಿತು. ಸರಿಹೋಗದಿದ್ದರೆ ಸೆಂಡರಿನ ಸವೆದ ರೋಧದ ತಂತಿಯೋ, ತೂತುಬಿದ್ದು ಪೆಟ್ರೋಲ್ ಕುಡಿದು ಮುಳುಗಿದ ಫ್ಲೋಟೋ ಕಾರಣ. ಅದನ್ನು ಹೊರತೆಗೆಯಲು ಟ್ಯಾಂಕನ್ನೇ ತೆರೆಯಬೇಕು. ಆ ಕೆಲಸವನ್ನು ಬ್ಯಾಟರಿ ಕಳಚಿ ಅನುಭವಿ ಮೆಕ್ಯಾನಿಕ್ ಮಾಡಲಿ.

ರಿಪೇರಿಯಾದ ಮೇಲೆ ಒಂದು ಕೆಲಸ ಮಕ್ಕಳಿಗೆ ಬಿಡಬಹುದು. ಬರಿದಾದ ಟ್ಯಾಂಕಿಗೆ ಬಂಕಿನಲ್ಲಿ 5 ಲೀಟರಿನಂತೆ ಹಾಕಿಸುತ್ತಾ, ಪ್ರತಿಸಲ ಮುಳ್ಳು ನಿಂತ ಜಾಗವನ್ನು ರಟ್ಟಿನ ಮೇಲೆ ಗುರುತಿಸುವುದು. ಮೊದಲ 5 ಲೀಟರಿಗೆ ಮುಳ್ಳು ಅಷ್ಟಾಗಿ ಮೇಲೇಳದಿದ್ದರೆ ಗಾಬರಿ ಬೇಡ. ಆ ರಟ್ಟು ಡ್ಯಾಶ್‌ಬೋರ್ಡಿನ ಖಾನೆಯಲ್ಲಿರಲಿ.