ಚೂರುವಿನ ಎರಡು ಋತು

2024ರ ಮೇ 28ರಂದು ರಾಜಸ್ಥಾನದ ಚೂರು ಪಟ್ಟಣದಲ್ಲಿ 50.5 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು. ಅದಕ್ಕೆ ಮೂರು ದಿನ ಮೊದಲು ಫಲೋದಿಯಲ್ಲಿ 50 ಡಿಗ್ರಿ. ಇದೇ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿತ್ತೆಂಬುದನ್ನು ಓದುಗರು ಮರೆತಿರಲಾರರು. ಬಯಲು ಪ್ರದೇಶದಲ್ಲಿ 45 ಡಿಗ್ರಿ ಮುಟ್ಟಿದರೆ ಉಷ್ಣ ಅಲೆ, 47 ಮುಟ್ಟಿದರೆ ತೀವ್ರ ಉಷ್ಣ ಅಲೆ ಎಂಬುದು ಹವಾಮಾನ ಇಲಾಖೆಯ ಅಳತೆ. ಆ ಅಳತೆಯನ್ನೂ ಮೀರಿದ ದಿನಗಳನ್ನು ಥಾರ್ ಮರುಭೂಮಿಯ ಜನ 2024ರಲ್ಲಿ ಒಂದರ ಮೇಲೊಂದರಂತೆ ಕಳೆದರು.

ಮೇ 25ರ ಸುಮಾರಿಗೆ ಸೂರ್ಯನು ರೋಹಿಣಿ ನಕ್ಷತ್ರವನ್ನು ಪ್ರವೇಶಿಸುತ್ತಾನೆ. ನಮ್ಮ ನಾಡಿನ ರೈತನಿಗೆ ರೋಹಿಣಿಯೆಂದರೆ ಮಳೆಯ ಹೆಸರು, ಬಿತ್ತನೆಗೆ ಸಜ್ಜಾಗುವ ಹೊತ್ತು. ಮಾರವಾಡದಲ್ಲಿ ಅದೇ ರೋಹಿಣಿಯ ಮೊದಲ ಒಂಬತ್ತು ದಿನಗಳನ್ನು ‘ನೌತಪಾ’ ಎನ್ನುತ್ತಾರೆ; ಆ ದಿನಗಳು ಚೆನ್ನಾಗಿ ಕಾದರೆ ಮುಂಗಾರು ಚೆನ್ನಾಗಿ ಸುರಿಯುವುದೆಂಬ ನಂಬಿಕೆ ಅಲ್ಲಿಯದು. ಅಂದರೆ ಮರುಭೂಮಿಯವರು ಬಿಸಿಲನ್ನು ದ್ವೇಷಿಸುವವರಲ್ಲ. ದಪ್ಪ ಗೋಡೆ, ಕಿರಿದಾದ ಬೀದಿ, ಮಳೆನೀರನ್ನು ನೆಲದಡಿ ಕೂಡಿಡುವ ಟಾಂಕಾ, ನಡುಹಗಲು ಹೊರಬೀಳದ ದಿನಚರಿ, ಇವೆಲ್ಲ ಅವರು ತಲೆಮಾರುಗಳಿಂದ ಕಟ್ಟಿಕೊಂಡ ರಕ್ಷಣೆಗಳು. ಆದರೆ ಕಲ್ಲುಗಣಿಯಲ್ಲಿ ದುಡಿಯುವವನಿಗೆ, ರಸ್ತೆಗೆ ಡಾಮರು ಹಾಕುವವನಿಗೆ, ತಗಡಿನ ಸೂರಿನಡಿ ವಾಸಿಸುವವನಿಗೆ ಆ ದಪ್ಪ ಗೋಡೆಯೂ ಇಲ್ಲ, ಆ ದಿನಚರಿಯೂ ಇಲ್ಲ. ಕಾಲುವೆಯ ನೀರನ್ನು ನಂಬಿದ ಊರುಗಳಲ್ಲಿ ದುರಸ್ತಿಗಾಗಿ ಇಂದಿರಾಗಾಂಧಿ ಕಾಲುವೆಯನ್ನು ಬೇಸಿಗೆಯಲ್ಲಿಯೇ ಮುಚ್ಚುವ ಪರಿಪಾಠವೂ ಸೇರಿಕೊಂಡಿದೆ.

ಈ ವೃತ್ತಾಂತದಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ್ದು ಉಷ್ಣಾಂಶದ ಅಂಕಿಯಲ್ಲ, ಲೆಕ್ಕದ ಒಂದು ಶೀರ್ಷಿಕೆ. ಚೂರು ವಿಚಿತ್ರವಾದ ಊರು. ಒಣ ಮರಳು ಬೇಗನೆ ಕಾಯುತ್ತದೆ, ಅಷ್ಟೇ ಬೇಗನೆ ತಣಿಯುತ್ತದೆ. ಆದಕಾರಣ ಮೇ ತಿಂಗಳಲ್ಲಿ ಐವತ್ತು ದಾಟುವ ಉಷ್ಣಾಂಶ ಚಳಿಗಾಲದ ಕೆಲವು ರಾತ್ರಿಗಳಲ್ಲಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಜನವರಿಯಲ್ಲಿ ಆ ಊರಿನ ಕೂಲಿಯೊಬ್ಬ ಶೀತ ಅಲೆಗೆ ಸಿಕ್ಕಿ ಸತ್ತನೆಂದು ಅಧಿಕಾರಿ ದೃಢೀಕರಿಸಿದರೆ, 2024ರ ನಿಯಮದಂತೆ ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ಅವನ ಕುಟುಂಬಕ್ಕೆ 4 ಲಕ್ಷ ರೂಪಾಯಿ ಸಲ್ಲಬೇಕಿತ್ತು. ಅದೇ ಕೂಲಿ ಮೇ ತಿಂಗಳಲ್ಲಿ ಉಷ್ಣ ಅಲೆಗೆ ಸಿಕ್ಕಿ ಸತ್ತರೆ ಆ ಹಕ್ಕಿರಲಿಲ್ಲ. ಏಕೆಂದರೆ ಕೇಂದ್ರ ಸರ್ಕಾರ ಆಗ ಅಧಿಸೂಚಿಸಿದ್ದ ಹನ್ನೆರಡು ವಿಪತ್ತುಗಳ ಪಟ್ಟಿಯಲ್ಲಿ ಚಂಡಮಾರುತ, ಬರ, ಭೂಕಂಪ, ಪ್ರವಾಹಗಳಿದ್ದವು, ಆಲಿಕಲ್ಲು ಇತ್ತು, ಕೀಟಬಾಧೆಯಿತ್ತು, ಹಿಮ ಮತ್ತು ಶೀತ ಅಲೆಯಿತ್ತು, ಉಷ್ಣ ಅಲೆಯಿರಲಿಲ್ಲ. ಸ್ಥಳೀಯ ವಿಪತ್ತೆಂದು ಘೋಷಿಸಿ ನಿಧಿಯ ಶೇ. 10ರವರೆಗೆ ಬಳಸಿಕೊಳ್ಳುವ ಅವಕಾಶ ರಾಜ್ಯಗಳಿಗೆ ಇತ್ತೆಂಬುದು ನಿಜ. ಕೇರಳ 2019ರಲ್ಲಿಯೇ ಹಾಗೆ ಮಾಡಿತು. ಆದರೆ ದೇಶದಲ್ಲೇ ಅತಿ ಹೆಚ್ಚು ಕಾಯುವ ನೆಲದ ಜನ ಹತ್ತರಲ್ಲೊಂದು ಪಾಲಿನ ವಿವೇಚನೆಗೆ ಕೈಯೊಡ್ಡಿ ನಿಲ್ಲಬೇಕಾಗಿದ್ದುದೇಕೆ?

ಪಟ್ಟಿಯನ್ನು ಹಿಗ್ಗಿಸಲು ಹದಿನೈದನೆಯ ಹಣಕಾಸು ಆಯೋಗ ಒಪ್ಪಲಿಲ್ಲ. ಸಂಸತ್ತಿನಲ್ಲಿ ಪ್ರಶ್ನೆ ಬಂದಾಗಲೆಲ್ಲ ಸರ್ಕಾರ ಅದನ್ನೇ ಮುಂದಿಡುತ್ತಿತ್ತು. ಆಕ್ಷೇಪಗಳು ಹುರುಳಿಲ್ಲದವೇನಲ್ಲ. ಉಷ್ಣ ಅಲೆ ಪ್ರತಿವರ್ಷ ಬರುವಂಥದು, ಹತ್ತಾರು ರಾಜ್ಯಗಳನ್ನು ಒಟ್ಟಿಗೆ ಆವರಿಸುವಂಥದು, ನಿಧಿಗೆ ಮಿತಿಯಿದೆ. ಇದಕ್ಕಿಂತಲೂ ತೊಡಕಿನ ಸಂಗತಿ ಸಾವಿನ ಕಾರಣದ್ದು. ದೇಹದ ಒಳಗಿನ ತಾಪ 40 ಡಿಗ್ರಿ ಮೀರಿದಾಗ ಮಿದುಳು, ಮೂತ್ರಪಿಂಡ, ಹೃದಯ ಒಂದೊಂದಾಗಿ ಸೋಲತೊಡಗುತ್ತವೆ. ಆಸ್ಪತ್ರೆ ಮುಟ್ಟುವ ವೇಳೆಗೆ ಜೀವ ಹೋಗಿದ್ದರೆ ವೈದ್ಯರು ಬರೆಯುವುದು ಹೃದಯ ಸ್ತಂಭನ ಎಂದು. ಅದು ಸುಳ್ಳಲ್ಲ, ಆದರೆ ಆ ಹೃದಯ ಏಕೆ ನಿಂತಿತೆಂಬುದು ದಾಖಲಾಗುವುದಿಲ್ಲ.

ಹಲವು ವರ್ಷಗಳ ಹಿಂದೆ ಬ್ಯಾಂಕೊಂದರ ಪರವಾಗಿ ದಾಸ್ತಾನು ತಪಾಸಣೆಗೆಂದು ಈ ಲೇಖಕ ಮೇ ತಿಂಗಳಲ್ಲಿ ಜೋಧಪುರದ ಹೊರವಲಯದ ಕಾರ್ಖಾನೆಯೊಂದಕ್ಕೆ ಹೋಗಿದ್ದುಂಟು. ಗೋದಾಮಿನೊಳಗೆ ಮೂಟೆಗಳನ್ನು ಎಣಿಸುವಷ್ಟರಲ್ಲಿ ಬಾಯಿ ಒಣಗಿ ನಾಲಗೆ ಅಂಟಿಕೊಂಡಿತ್ತು. ಮೈಯಲ್ಲಿ ಮಾತ್ರ ಬೆವರಿನ ಹನಿಯಿಲ್ಲ. ಒಣಹವೆಯಲ್ಲಿ ಬೆವರು ಮೂಡಿದ ಕ್ಷಣದಲ್ಲೇ ಆರಿಹೋಗುವುದರಿಂದ ದೇಹ ಎಷ್ಟು ನೀರು ಕಳೆದುಕೊಂಡಿತೆಂಬುದು ಅಲ್ಲಿ ತಿಳಿಯುವುದೇ ಇಲ್ಲ. ಸಂಜೆ ಹಾಜರಿ ಪುಸ್ತಕ ತಿರುವುವಾಗ ಹಮಾಲನೊಬ್ಬನ ಹೆಸರಿನೆದುರು ನಾಲ್ಕು ದಿನ ‘ಗೈರು’ ಎಂದಿತ್ತು. ಕೇಳಿದೆ. ‘ಲೂ ಬಡಿಯಿತು ಸಾಹೇಬರೆ, ಊರಿಗೆ ಕಳಿಸಿದೆವು’ ಎಂದರು. ಅವನು ಬದುಕಿದನೋ ಇಲ್ಲವೋ ಎಂದು ನಾನು ಕೇಳಲಿಲ್ಲ. ನನ್ನ ಕೆಲಸ ಮೂಟೆಗಳದ್ದಾಗಿತ್ತು. ಪುಸ್ತಕದಲ್ಲಿ ಉಳಿದದ್ದು ಗೈರುಹಾಜರಿ ಮಾತ್ರ.

ಆದರೆ ಒಂದೊಂದು ಮೂಟೆಗೂ ಚೀಟಿಯಿಲ್ಲದಿದ್ದರೆ ನಷ್ಟವೇ ಆಗಿಲ್ಲವೆಂದು ಯಾವ ಲೆಕ್ಕಪರಿಶೋಧಕನೂ ಬರೆಯುವುದಿಲ್ಲ. ಹಿಂದಿನ ವರ್ಷಗಳ ಸರಾಸರಿಯೊಂದಿಗೆ ಹೋಲಿಸಿ ವ್ಯತ್ಯಾಸವನ್ನು ಕಂಡುಹಿಡಿಯುತ್ತಾನೆ. ಸಾವಿನ ವಿಷಯದಲ್ಲಿಯೂ ಈ ವಿಧಾನ ಹೊಸದಲ್ಲ. 2010ರ ಮೇ ತಿಂಗಳ ಉಷ್ಣ ಅಲೆಯಲ್ಲಿ ಅಹಮದಾಬಾದಿನ ಒಟ್ಟು ಸಾವುಗಳನ್ನು ಹಿಂದಿನ ವರ್ಷಗಳ ಸಂಖ್ಯೆಯೊಡನೆ ತೂಗಿ ನೋಡಿದ ಅಧ್ಯಯನಕ್ಕೆ 1,344 ಹೆಚ್ಚುವರಿ ಸಾವುಗಳು ಕಂಡವು. ಆ ದುರಂತದ ಅರಿವಿನಿಂದಲೇ 2013ರಲ್ಲಿ ಆ ನಗರದ ಉಷ್ಣ ಕ್ರಿಯಾ ಯೋಜನೆ ಹುಟ್ಟಿತು. ಚೂರು, ಬಾಡಮೇರ್, ಜೈಸಲ್ಮೇರ್, ಫಲೋದಿಗಳ ಮರಣ ನೋಂದಣಿ ಪುಸ್ತಕಗಳನ್ನು ಹೀಗೆ ತೂಗಿ ನೋಡುವುದಕ್ಕೆ ಹೊಸ ಕಾಯಿದೆಯೇನೂ ಬೇಕಿಲ್ಲ.

ಇಲ್ಲಿ ನಮ್ಮ ಪಕ್ಷದವರೊಂದಿಗೂ ಒಂದು ಭಿನ್ನಾಭಿಪ್ರಾಯವನ್ನು ಹೇಳಬೇಕು. ಉಷ್ಣ ಅಲೆಯನ್ನು ಪಟ್ಟಿಗೆ ಸೇರಿಸಿದರೆ ಎಲ್ಲವೂ ಸರಿಹೋಗುವುದೆಂದು ಹಲವರು ನಂಬಿದ್ದಾರೆ. ಸೇರಿಸಿದ ಮರುದಿನದಿಂದ ದೃಢೀಕರಿಸಿದ ಒಂದೊಂದು ಸಾವೂ ಸರ್ಕಾರಕ್ಕೆ 4 ಲಕ್ಷದ ಬಾಧ್ಯತೆಯಾಗುತ್ತದೆ. ಆಗ ದೃಢೀಕರಿಸಬೇಕಾದ ಅಧಿಕಾರಿಯ ಕೈ ಇನ್ನಷ್ಟು ಬಿಗಿಯಾಗದೆ? ನಗದು ಕೊಡುವವನೇ ಖಾತೆ ಬರೆಯಬಾರದೆಂಬುದು ಸಣ್ಣ ಅಂಗಡಿಯವನಿಗೂ ತಿಳಿದ ನಿಯಮ. ಹೆಚ್ಚುವರಿ ಸಾವುಗಳನ್ನು ಎಣಿಸುವ ಹೊಣೆ ಪರಿಹಾರ ನೀಡುವ ಇಲಾಖೆಯಿಂದ ಬೇರೆಯಾಗಿ, ವೈದ್ಯಕೀಯ ಕಾಲೇಜುಗಳಂಥ ಸಂಸ್ಥೆಗಳ ಕೈಯಲ್ಲಿರಬೇಕು. ಸಂಖ್ಯೆ ಪ್ರತಿವರ್ಷ ಪ್ರಕಟವಾಗಬೇಕು. ಪರಿಹಾರಕ್ಕಿಂತ ಮೊದಲು ತಡೆಯ ಕೆಲಸಕ್ಕೂ ಹಣ ಬೇಕು. ಉದ್ಯೋಗ ಖಾತರಿ ಯೋಜನೆಯಲ್ಲಿ ರಾಜಸ್ಥಾನದ ದಿನಗೂಲಿ 2024ರಲ್ಲಿ 266 ರೂಪಾಯಿ ಇತ್ತು, ಅದೂ ಅಗೆದ ಮಣ್ಣನ್ನು ಅಳೆದು. ಬಿಸಿಲಿಗೆ ಕುಸಿದು ಕುಳಿತ ಹೆಂಗಸಿನ ಕೂಲಿಯೂ ಆ ಅಳತೆಯೊಂದಿಗೇ ಕುಸಿಯುತ್ತಿತ್ತು. ತೀವ್ರ ಉಷ್ಣ ಅಲೆಯ ದಿನಗಳಲ್ಲಿ ಅಳತೆಯನ್ನು ಸಡಿಲಿಸುವುದಕ್ಕೆ ತಗಲುವ ವೆಚ್ಚ 4 ಲಕ್ಷಕ್ಕೆ ಹೋಲಿಸಿದರೆ ಎಷ್ಟರದ್ದು?

ಮುಂಬಯಿ, ಪುಣೆ, ಚೆನ್ನೈಗಳಲ್ಲಿ ನಮ್ಮ ನೆರೆಯವರಾದ ಮಾರವಾಡದ ಸಾಧರ್ಮಿಗಳು ತಮ್ಮ ಹುಟ್ಟೂರುಗಳಲ್ಲಿ ಅರವಟ್ಟಿಗೆಗಳನ್ನು ನಡೆಸುತ್ತ ಬಂದಿದ್ದಾರೆ. ಅದು ಮನಸಾರೆ ಮೆಚ್ಚತಕ್ಕದ್ದು; ಒಂದು ಮಡಕೆ ನೀರು ಎಷ್ಟೋ ಜೀವ ಉಳಿಸಿದೆ. ಆದರೂ ದಾನಿಯ ಹೆಸರು ಕೆತ್ತಿದ ಕಲ್ಲು ಸರ್ಕಾರದ ಹೊಣೆಗೆ ಬದಲಾಗಲಾರದು. ಈ ಮಾತನ್ನು ನ್ಯಾಯಾಲಯವೇ ಬೇರೆ ರೀತಿಯಲ್ಲಿ ಹೇಳಿದೆ: 2024ರ ಮೇ 30ರಂದು ರಾಜಸ್ಥಾನ ಉಚ್ಚ ನ್ಯಾಯಾಲಯ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು, ಉಷ್ಣ ಅಲೆಯನ್ನು ರಾಷ್ಟ್ರೀಯ ವಿಪತ್ತೆಂದು ಘೋಷಿಸುವ ಅಗತ್ಯವನ್ನೂ ಮೃತರ ಅವಲಂಬಿತರಿಗೆ ಪರಿಹಾರ ನೀಡಬೇಕೆಂಬುದನ್ನೂ ಎತ್ತಿ ಹೇಳಿತು. 2015ರಲ್ಲಿ ರೂಪುಗೊಂಡ, ಉಷ್ಣ ಮತ್ತು ಶೀತ ಅಲೆಗಳ ಸಾವು ತಡೆಯುವ ಮಸೂದೆ ಕಾಯಿದೆಯಾಗದೆ ಉಳಿದುದನ್ನೂ ಅದು ನೆನಪಿಸಿತು.

ಏಳು ಹಂತಗಳ ಚುನಾವಣೆ ಅದೇ ಬಿಸಿಲಿನಲ್ಲಿ ಮುಗಿದು, 2024ರ ಜೂನ್ 9ರಂದು ಹೊಸ ಸರ್ಕಾರ ಪ್ರಮಾಣ ವಚನ ಸ್ವೀಕರಿಸಿತು. ಆಗಿದ್ದ ಪರಿಹಾರ ನಿಯಮಗಳ ಅವಧಿ 2026ರ ಮಾರ್ಚಿನವರೆಗೆ ಇತ್ತು. ಅನಂತರದ ಐದು ವರ್ಷಗಳ ವಿಪತ್ತು ನಿಧಿಯ ಏರ್ಪಾಟನ್ನು ಪರಿಶೀಲಿಸುವ ಕೆಲಸ ಅರವಿಂದ ಪನಗಾರಿಯಾ ಅವರ ಅಧ್ಯಕ್ಷತೆಯ ಹದಿನಾರನೆಯ ಹಣಕಾಸು ಆಯೋಗದ ಮುಂದಿತ್ತು. 2025ರ ಅಕ್ಟೋಬರ್ ಅಂತ್ಯದೊಳಗೆ ಅದು ವರದಿ ಒಪ್ಪಿಸಬೇಕೆಂದು ಮೊದಲು ನಿಗದಿಯಾಗಿತ್ತು. ಆಯೋಗ 2024ರಲ್ಲಿ ಸಾರ್ವಜನಿಕರಿಂದ ಸಲಹೆಗಳನ್ನು ಆಹ್ವಾನಿಸಿತ್ತು. ನಮ್ಮ ಓದುಗರಲ್ಲಿ ವಕೀಲರು, ವೈದ್ಯರು, ಲೆಕ್ಕಪರಿಶೋಧಕರು ಸಾಕಷ್ಟು ಮಂದಿ ಇದ್ದೀರಿ. ಉಷ್ಣ ಅಲೆಯನ್ನು ಪಟ್ಟಿಗೆ ಸೇರಿಸಬೇಕು, ಎಣಿಕೆಯನ್ನು ಪಾವತಿಯಿಂದ ಬೇರ್ಪಡಿಸಬೇಕು ಎಂಬ ಎರಡು ಕೋರಿಕೆಗಳ ಮನವಿಯನ್ನು ಈ ತಿಂಗಳಲ್ಲೇ ಕಳುಹಿಸಲಿದ್ದೇವೆ. ಸಹಿ ಹಾಕಲಿಚ್ಛಿಸುವವರು ತಮ್ಮ ವೃತ್ತಿಯನ್ನೂ ನಮೂದಿಸಿ ಸಂಪಾದಕರಿಗೆ ಬರೆಯಬೇಕೆಂದು ವಿನಂತಿ.